ಹಸಿರು ದೀಪದ ವಿಳಾಸ

ಏಳನೆಯ ಕಂತು

ಪರದೆಯ ಮೇಲಿನ ಲಾಗ್‌ನಲ್ಲಿ ಮುನ್ನೂರ ಹದಿನೇಳನೆಯ ಸಾಲಿಗೆ ಬರುತ್ತಲೇ ನಿಧಾನಕ್ಕನ ಬೆರಳು ತಾನಾಗಿಯೇ ನಿಂತಿತು.

‘ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಫಂಕ್ಷನ್ ಈ ಯಂತ್ರದಲ್ಲಿ ಇದೆಯೇ? ಇಲ್ಲ.’

ಮೇಲಿನ ಸಾಲಿಗೆ ಹೌದು. ಕೆಳಗಿನ ಸಾಲಿಗೂ ಹೌದು. ನಡುವೆ ಇದೊಂದೇ ಇಲ್ಲ.

ಅವಳು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು ಮತ್ತೆ ಓದಿದಳು. ಅಕ್ಷರ ಬದಲಾಗಲಿಲ್ಲ.

ಕಿಟಕಿಯಾಚೆ ಹೊಳೆ ಇತ್ತು, ಆದರೆ ಕಾಣುತ್ತಿರಲಿಲ್ಲ. ಮಧ್ಯಾಹ್ನ ಮೂರರ ಬಿಸಿಲು ಮಂಜಿನೊಳಗೆ ಕರಗಿಹೋಗಿ, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯದ ಬಿಳುಪು. ಆ ಬಿಳುಪಿನೊಳಗಿಂದ ಆಗಾಗ ಒಂದು ಹಕ್ಕಿ ಬಂದು ಕಟ್ಟೆಯ ಕಂಬದ ಮೇಲೆ ಕೂತು, ಏನೋ ಮರೆತವರಂತೆ ವಾಪಸು ಹೋಗುತ್ತಿತ್ತು. ಕೋಣೆಯೊಳಗೆ ಆಳೆತ್ತರದ ಹಳೆಯ ಯಂತ್ರ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಅದರ ಬೆನ್ನಿನಿಂದ ಬರುವ ಬೆಚ್ಚನೆ ಗಾಳಿಗೆ ಎಂಥವರಿಗೂ ಕಣ್ಣು ಎಳೆಯಬೇಕು.

ಒಂಬತ್ತು ದಿನದ ಹಿಂದೆ ಮೇಲಿನ ಅಣೆಕಟ್ಟಿನ ಗೇಟು ತೆರೆದಾಗ ಈ ಕಡವಿನ ಲಾಂಚ್ ನಡುಹೊಳೆಯಲ್ಲಿ ಮಗುಚಿ ಮೂವರು ಸತ್ತಿದ್ದರು. ಎಚ್ಚರಿಕೆ ಕಳಿಸಿದ್ದೆವು, ಕಡವಿನಿಂದ ‘ತಲುಪಿದೆ’ ಎಂಬ ಉತ್ತರವೂ ಬಂದಿದೆ ಎಂದು ಕಂಟ್ರೋಲ್ ರೂಮಿನ ದಾಖಲೆ ಹೇಳುತ್ತಿತ್ತು. ಆ ಎಚ್ಚರಿಕೆ ಕೇಳಿಕೊಂಡು ಎರಡೂ ದಡದಲ್ಲಿ ಈ ಯಂತ್ರ ಹತ್ತಿಸುವ ದೀಪ ಹಸಿರೇ ಇತ್ತು, ಅಂದರೆ ಹೊಳೆ ದಾಟಬಹುದಿತ್ತು ಎಂದು ಲಾಂಚ್ ನಡೆಸುವವನು ಹೇಳುತ್ತಿದ್ದ. ದಾಖಲೆಯನ್ನು ನಂಬಿದ್ದರು, ಮನುಷ್ಯನನ್ನು ಲಾಕಪ್ಪಿಗೆ ಹಾಕಿದ್ದರು. ಯಂತ್ರ ಸರಿಯಿತ್ತೋ ಇಲ್ಲವೋ ಎಂಬ ವರದಿಗೆ ಇವತ್ತು ಸಂಜೆ ಐದರೊಳಗೆ ನಿಧಾನಕ್ಕ ಸಹಿ ಹಾಕಬೇಕಿತ್ತು.

ನಿಧಾನಕ್ಕ ಅನ್ನುವುದು ಬೈಗುಳವಾಗಿ ಶುರುವಾದ ಹೆಸರು. ಮೂವತ್ತು ವರ್ಷ ಬೇರೆ ಬೇರೆ ಯಂತ್ರಗಳಿಗೆ ಪ್ರೋಗ್ರಾಂ ಕಟ್ಟಿಕೊಟ್ಟವಳು. ಬೇರೆಯವರು ಒಂದು ದಿನದಲ್ಲಿ ಮುಗಿಸುವುದಕ್ಕೆ ಇವಳಿಗೆ ನಾಲ್ಕು ದಿನ ಬೇಕು. ಆದರೆ ಇವಳು ಮುಗಿಸಿದ್ದು ಮತ್ತೆ ಕೆಟ್ಟ ಉದಾಹರಣೆ ಇಲ್ಲ. ಹಾಗಾಗಿ ಬೈಗುಳ ಬರುಬರುತ್ತಾ ಗೌರವವಾಗಿತ್ತು. ಈಗ ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ ಇಲಾಖೆಯವರು ಅವಳಿಗೇ ಫೋನ್ ಮಾಡುತ್ತಿದ್ದರು.

“ಚಹಾ ತಂದೆ ಅಕ್ಕ. ಆರಿಸಬೇಡಿ.”

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ಲಾಂಚ್ ನಡೆಸುವವನು ಕಡವಿಗೆಲ್ಲ ಲಾಂಚಣ್ಣ, ಹಾಗಾಗಿ ಟಿಕೆಟ್ ಕೊಡುವ ಅವನ ಹೆಂಡತಿ ಎಲ್ಲರಿಗೂ ಅತ್ತಿಗೆ. ಗಂಡ ಒಳಗಿದ್ದರೂ ಟಿಕೆಟ್ ಕಿಟಕಿಗೆ ಬೀಗ ಹಾಕಿರಲಿಲ್ಲ. ಎರಡು ದಿನದಿಂದ ಬದಲಿ ಲಾಂಚೊಂದು ಓಡುತ್ತಿತ್ತು. ಆಚೆ ದಡದವರಿಗೆ ಆಸ್ಪತ್ರೆ, ಸ್ಕೂಲು ಎಲ್ಲ ಈಚೆಗೇ. ಎಷ್ಟು ದಿನ ಅಂತ ಸುಮ್ಮನಿರುತ್ತಾರೆ?

“ಏನಾದ್ರೂ ಸಿಕ್ಕಿತಾ?”

“ಒಂದು ‘ಇಲ್ಲ’ ಸಿಕ್ಕಿದೆ” ಎಂದಳು ನಿಧಾನಕ್ಕ.

“ಇಲ್ಲ ಸಿಕ್ಕಿದೆ ಅಂದ್ರೆ?”

ನಿಧಾನಕ್ಕ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅತ್ತಿಗೆ, ಹೊಸದಾಗಿ ಬಾಡಿಗೆ ಮನೆಗೆ ಹೋದ್ರೆ ಮೊದಲು ಏನು ನೋಡ್ತೀರಿ?”

“ನಲ್ಲೀಲಿ ನೀರು ಬರುತ್ತಾ ಅಂತ.”

“ಬರದಿದ್ರೆ?”

“ಡ್ರಮ್ ತಂದಿಡ್ತೀನಿ. ಇನ್ನೇನು ಮಾಡೋಕಾಗುತ್ತೆ.”

“ನಮ್ಮ ಪ್ರೋಗ್ರಾಮೂ ಅಷ್ಟೇ ಮಾಡೋದು. ಈ ಹೊಳೆಯುದ್ದಕ್ಕೂ ನಲವತ್ತೊಂದು ಕಡವಿದೆ. ಒಂದೊಂದರಲ್ಲೂ ಒಂದೊಂದು ಕಂಪನಿಯ ಯಂತ್ರ. ಕೆಲವು ಹೊಸವು, ಕೆಲವು ಇದರ ಹಾಗೆ ಮುದುಕಪ್ಪಗಳು. ಎಲ್ಲದಕ್ಕೂ ಒಂದೇ ಪ್ರೋಗ್ರಾಂ ಹೊಂದಬೇಕು. ಅದಕ್ಕೇ ಕಟ್ಟೋದಕ್ಕೆ ಮುಂಚೆ ಅದು ಯಂತ್ರಕ್ಕೆ ನಾನೂರು ಪ್ರಶ್ನೆ ಕೇಳುತ್ತೆ. ನಿನ್ನ ಹತ್ರ ಇದು ಇದೆಯಾ, ಅದು ಇದೆಯಾ. ಇದೆ ಅಂದ್ರೆ ಅದನ್ನೇ ಬಳಸುತ್ತೆ. ಇಲ್ಲ ಅಂದ್ರೆ ನಾವು ಬರೆದಿಟ್ಟ ಬದಲಿ ಸೇರಿಸುತ್ತೆ.”

“ಡ್ರಮ್ಮು.”

“ಡ್ರಮ್ಮೇ.”

ಅತ್ತಿಗೆ ಪರದೆಯ ಹತ್ತಿರ ಬಗ್ಗಿ ಆ ಸಾಲನ್ನು ಬೆರಳಲ್ಲಿ ಮುಟ್ಟದೆಯೇ ತೋರಿಸಿದಳು. “ಇದು ಏನು ಕೇಳಿದ್ದು?”

“ಕಂಟ್ರೋಲ್ ರೂಮ್ ಅನ್ನೋದು ಒಂದು ಹೆಸರು. ಅದನ್ನ ತಲುಪೋಕೆ ಅಂಕಿಗಳ ವಿಳಾಸ ಬೇಕು. ಹೆಸರು ಹೇಳಿದ್ರೆ ವಿಳಾಸ ಹುಡುಕಿ ಕೊಡೋ ಫಂಕ್ಷನ್ ನಿನ್ನಲ್ಲಿದೆಯಾ ಅಂತ ಕೇಳಿದೆ. ಇಲ್ಲ ಅಂದಿದೆ ನಿಮ್ಮ ಯಂತ್ರ.”

“ನಿಜವಾಗ್ಲೂ ಇಲ್ವಾ?”

“ಇದೆ ಅತ್ತಿಗೆ. ಇದೇ ಕಂಪನಿ, ಇದೇ ಮಾದರಿಯ ಯಂತ್ರದ ಮುಂದೆ ಮೂರು ದಿನ ಕೂತಿದ್ದೀನಿ ಒಂದು ಕಾಲದಲ್ಲಿ. ಈ ನಲ್ಲಿಯ ನೀರು ಕುಡಿದವಳು ನಾನು.”

ಹೇಳುವುದೇನೋ ಹೇಳಿದಳು. ಆದರೆ ಅಂದಾಜಿನ ಮೇಲೆ ಯಾರನ್ನೂ ಬಿಡಿಸಲು ಬರುವುದಿಲ್ಲ. ಆರು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಮಾಡುವುದು ಏನೂ ಇಲ್ಲ, ಆ ಫಂಕ್ಷನ್ನನ್ನು ಹೆಸರು ಹಿಡಿದು ಒಮ್ಮೆ ಕರೆಯುವುದು, ಅಷ್ಟೇ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲ್ ಮಾಡಿದಳು.

ಯಂತ್ರ ಯೋಚಿಸಿತು. ಹಾಗೆ ನೋಡಿದರೆ ಅದು ಯೋಚಿಸುವುದೇ ಚೆಂದ, ಮುದುಕರು ಕನ್ನಡಕ ಹುಡುಕಿದ ಹಾಗೆ. ಕೊನೆಗೆ ಒಂದು ಸಾಲು ಮೂಡಿತು.

ಆ ಹೆಸರಿನವರು ಇಲ್ಲಿ ಯಾರೂ ಇಲ್ಲ.

ನಿಧಾನಕ್ಕ ಅದನ್ನು ಎರಡು ಸಲ ಓದಿದಳು. ಹಾಗಾದರೆ ಲಾಗ್ ಸುಳ್ಳು ಹೇಳಿಲ್ಲ. ಹಾಗಾದರೆ ಆ ಮೂರು ದಿನ, ಆ ಗುಂಯ್ ಶಬ್ದ, ಕಂಪೈಲ್ ಆದಾಗ ಒಬ್ಬಳೇ ಎದ್ದು ಕೋಣೆಯಲ್ಲಿ ಎರಡು ಸುತ್ತು ನಡೆದದ್ದು, ಎಲ್ಲ ಬೇರೆ ಯಾವುದೋ ಯಂತ್ರದ ನೆನಪೇ? ಐವತ್ತೆರಡು ದಾಟಿದ ಮೇಲೆ ನೆನಪುಗಳು ಕಲೆಸಿಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಒಂದು ಮನೆಯ ಮೆಟ್ಟಿಲು ಇನ್ನೊಂದು ಮನೆಯ ಬಾಗಿಲಿಗೆ ಸೇರಿಕೊಂಡು, ಇಲ್ಲದ ಮನೆಯೊಂದು ಕಣ್ಣ ಮುಂದೆ ನಿಲ್ಲುತ್ತದೆ.

ಕಣ್ಣು ಮುಚ್ಚಿದಳು. ಬೆಚ್ಚನೆ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಎಲ್ಲೋ ಆಳದಲ್ಲಿ, ನೀರಿನ ಕೆಳಗಿನಿಂದ ಮಾತಾಡಿದ ಹಾಗೆ, ಅತ್ತಿಗೆಯ ದನಿ ಕೇಳಿಸುತ್ತಿತ್ತು.

“...ಪೊಲೀಸಿನವರು ಬಂದ ದಿನ ಹೀಗೇ ಆಗಿತ್ತು ನೋಡಿ. ಕಾಗದದಲ್ಲಿದ್ದ ಇವರ ಹೆಸರು ಹಿಡ್ಕೊಂಡು ಮೂರು ಅಂಗಡಿ ತಿರುಗಿದ್ದಾರೆ. ಎಲ್ಲರೂ ಗೊತ್ತಿಲ್ಲ ಅಂದಿದ್ದಾರೆ. ಬೇಕು ಅಂತ ಅಲ್ಲ, ನಿಜವಾಗ್ಲೂ ಗೊತ್ತಿಲ್ಲ. ಲಾಂಚಣ್ಣ ಅಂದಿದ್ರೆ ಕೈ ಹಿಡ್ಕೊಂಡು ಮನೆ ಬಾಗಿಲಿಗೇ ತಂದು ಬಿಡ್ತಿದ್ರು.”

ನಿಧಾನಕ್ಕ ಕಣ್ಣು ತೆರೆದಳು.

“ಇನ್ನೊಮ್ಮೆ ಹೇಳಿ.”

“ಯಾವುದು? ಲಾಂಚಣ್ಣ ಅಂದಿದ್ರೆ...”

“ಸಾಕು ಸಾಕು.” ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. “ಈ ಕಂಪನಿಯವರದ್ದೊಂದು ವಿಚಿತ್ರ ಇತ್ತು. ಆ ಫಂಕ್ಷನ್ನಿಗೆ ಒಳಗಡೆ ಬೇರೆ ಹೆಸರು ಇಟ್ಟಿದ್ರು. ಹೊರಗಿನವರು ಸಾಮಾನ್ಯ ಹೆಸರಲ್ಲೇ ಕರೀಬಹುದು, ಆದರೆ ಮೊದಲು ಅವರ ಹೆಡರ್ ಫೈಲ್ ಓದ್ಕೊಂಡು ಬರಬೇಕು. ಇವರನ್ನ ಈ ಮನೇಲಿ ಹೀಗೆ ಕರೀತಾರೆ ಅಂತ ಅದರಲ್ಲಿ ಬರೆದಿರುತ್ತೆ. ಅದನ್ನ ಓದದೆ ಬಂದು ಬಾಗಿಲು ತಟ್ಟಿದ್ರೆ, ಅಂಥವರು ಇಲ್ಲಿ ಇಲ್ಲ ಅಂತಾರೆ.”

ಆರು ಸಾಲಿನ ತಲೆಯ ಮೇಲೆ ಏಳನೆಯ ಸಾಲು ಸೇರಿಸಿದಳು. ಹೆಡರ್ ಫೈಲಿನ ಹೆಸರು. ಮತ್ತೆ ಕಂಪೈಲ್ ಮಾಡಿದಳು.

ಯಂತ್ರ ಈ ಸಲ ತಕರಾರು ತೆಗೆಯಲಿಲ್ಲ. ಖಾಲಿ ಸಾಲೊಂದನ್ನು ತೋರಿಸಿ ಸುಮ್ಮನಾಯಿತು. ಪ್ರೋಗ್ರಾಂ ಕಟ್ಟುವವರ ಕಸುಬಿನಲ್ಲಿ ಯಂತ್ರ ಸುಮ್ಮನಿರುವುದೆಂದರೆ ಒಪ್ಪಿಗೆ.

“ಇದೆ” ಎಂದಳು ನಿಧಾನಕ್ಕ. ಆರಿಹೋಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದಳು.

ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ಯಾಕೆಂದರೆ ಆ ಏಳನೆಯ ಸಾಲನ್ನು ಪ್ರಶ್ನೆ ಕೇಳುವ ಸ್ಕ್ರಿಪ್ಟಿನಲ್ಲಿ ಹದಿನೆಂಟು ವರ್ಷದ ಹಿಂದೆ ಸೇರಿಸಿದವಳು ಅವಳೇ. ಮೂರು ದಿನ ಕೂತದ್ದು ಅದಕ್ಕೇ. ಆ ಸಾಲು ಅಲ್ಲಿ ಇರಬೇಕಿತ್ತು.

ಸ್ಕ್ರಿಪ್ಟ್ ತೆರೆದಳು. ಸಾಲು ಇರಲಿಲ್ಲ. ಇಪ್ಪತ್ತಮೂರು ದಿನದ ಹಿಂದೆ ಯಾರೋ ಅದನ್ನು ತೆಗೆದಿದ್ದರು. ತೆಗೆದವರು ಯಾರು ಎನ್ನುವ ಕಡೆ ‘ಬಿಲ್ಡ್ ರೂಮ್’ ಎಂದಿತ್ತು, ಇಲಾಖೆಯಲ್ಲಿ ಪ್ರೋಗ್ರಾಂ ಕಟ್ಟುವ ವಿಭಾಗ. ಅಲ್ಲಿ ಕೆಲಸ ಮಾಡುವ ಒಂಬತ್ತು ಜನಕ್ಕೂ ಅದೊಂದೇ ಲಾಗಿನ್.

ಎಂಥ ಜಾಣತನ, ಅಥವಾ ಎಂಥ ಗ್ರಹಚಾರ. ಉಳಿದ ನಲವತ್ತು ಕಡವಿನ ಯಂತ್ರಗಳಲ್ಲಿ ಆ ಫಂಕ್ಷನ್ನಿಗೆ ಎಲ್ಲರಿಗೂ ಗೊತ್ತಿರುವ ಹೆಸರೇ. ಸಾಲು ಇದ್ದರೂ ಇಲ್ಲದಿದ್ದರೂ ಅಲ್ಲಿ ‘ಹೌದು’ ಅಂತಲೇ ಉತ್ತರ ಬರುತ್ತದೆ. ಕೆಡುವುದು ಇದೊಂದೇ. ಹಾಗಾಗಿ ಯಾರ ಗಮನಕ್ಕೂ ಬಂದಿಲ್ಲ.

ಹೊರಗೆ ಜೀಪೊಂದು ನಿಂತ ಸದ್ದಾಯಿತು.

* * *

ಬಂದವನು ಅಳಿಯ. ಕಂಟ್ರೋಲ್ ರೂಮಿನ ದೊಡ್ಡ ಸಾಹೇಬರ ಮಗಳನ್ನು ಮದುವೆಯಾದ ದಿನದಿಂದ ಕಚೇರಿಗೆಲ್ಲ ಅವನು ಅಳಿಯ. ಎದುರಿಗೆ ‘ಸರ್’, ಬೆನ್ನ ಹಿಂದೆ ‘ಅಳಿಯಂದಿರು ಬಂದ್ರು, ಚಾಪೆ ಹಾಸಿ’. ಬಿಲ್ಡ್ ರೂಮಿಗೆ ಈಗ ಅವನೇ ಮುಖ್ಯಸ್ಥ. ಈ ಕೆಲಸದ ಮೊದಲ ಪಾಠ ನಿಧಾನಕ್ಕನ ಹತ್ತಿರವೇ ಕಲಿತವನು. ಕೆಟ್ಟವನಲ್ಲ. ಅವಸರದವನು.

“ಅಕ್ಕ, ಸಹಿಗೆ ಕಾಗದ ತಂದಿದ್ದೀನಿ. ಮಾವನವರು ನಾಲ್ಕೂವರೆಗೇ ಕಳಿಸಿಬಿಡಿ ಅಂದ್ರು.” ಹೆಗಲಲ್ಲಿದ್ದ ಚೀಲವನ್ನು ಅವನು ಕೆಳಗಿಡಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. “ಲಾಂಚ್ ಯಾವಾಗ ಬರುತ್ತೆ? ನಂಗೆ ಆಚೆ ದಡದಲ್ಲಿ ಸ್ವಲ್ಪ ಕೆಲಸ ಇದೆ.”

“ಆಚೆಗೆ ಹೋಗಿದೆ. ಈಗ ಜನ ಹತ್ತಿಸ್ಕೊಂಡು ಬರುತ್ತೆ” ಎಂದಳು ಅತ್ತಿಗೆ.

“ಬಾ, ಇಲ್ಲಿ ನೋಡು” ಎಂದಳು ನಿಧಾನಕ್ಕ. “ನಿನಗೊಂದು ತಮಾಷೆ ತೋರಿಸ್ತೀನಿ.”

ಅವಳು ಮುನ್ನೂರ ಹದಿನೇಳನೆಯ ಸಾಲನ್ನು ತೋರಿಸಿದಳು. ಆರು ಸಾಲಿನ ಪ್ರೋಗ್ರಾಂ ತೋರಿಸಿದಳು. ಏಳು ಸಾಲಿನದ್ದನ್ನೂ ತೋರಿಸಿದಳು. ಅವನು ಎಲ್ಲಕ್ಕೂ ತಲೆಯಾಡಿಸಿದ. ಅವನ ಕಣ್ಣು ಮಾತ್ರ ಪರದೆಯ ಮೇಲಿರಲಿಲ್ಲ, ಕಿಟಕಿಯಾಚೆಯ ಬಿಳುಪಿನಲ್ಲಿತ್ತು.

“ಹಳೇ ಯಂತ್ರ ಅಕ್ಕ. ಇಂಥವು ಇರೋದೇ. ಇಲ್ಲ ಅಂದ್ರೆ ಏನಾಯ್ತು, ಬದಲಿ ಇದೆಯಲ್ಲ.”

“ಹೌದಲ್ಲ. ಬದಲಿ ನೋಡೇ ಇಲ್ಲ ನಾನು” ಎಂದು ಅವಳು ಆ ಫೈಲ್ ತೆರೆದಳು.

ಬದಲಿ ಸರಳವಾಗಿತ್ತು. ವಿಳಾಸ ಹುಡುಕಲು ಅದು ಯಾರನ್ನೂ ಕೇಳುವುದಿಲ್ಲ. ಕೈಯಲ್ಲಿ ಬರೆದಿಟ್ಟ ಒಂದು ಪಟ್ಟಿ ಓದುತ್ತದೆ, ಅದರಲ್ಲಿ ಇದ್ದದ್ದನ್ನು ಹೇಳುತ್ತದೆ. ಪಟ್ಟಿ ತೆರೆದಳು. ಒಂದೇ ಸಾಲು. ಎಡಕ್ಕೆ ಕಂಟ್ರೋಲ್ ರೂಮಿನ ಹೆಸರು, ಬಲಕ್ಕೆ ಅಂಕಿಗಳು.

ನಿಧಾನಕ್ಕ ಎದ್ದು ಗೋಡೆಗೆ ಅಂಟಿಸಿದ್ದ ಇಲಾಖೆಯ ಚೀಟಿಯ ಹತ್ತಿರ ಹೋದಳು. ಕಂಟ್ರೋಲ್ ರೂಮಿನ ವಿಳಾಸ ಅದರಲ್ಲಿತ್ತು. ಬೆರಳಿಟ್ಟು ಓದಿದಳು. ವಾಪಸು ಬಂದು ಪರದೆಯದ್ದು ಓದಿದಳು. ಚೀಟಿಯಲ್ಲಿ ಕೊನೆಗೆ ನಾಲ್ಕು. ಪರದೆಯಲ್ಲಿ ನಲವತ್ತು.

“ಅತ್ತಿಗೆ” ಎಂದಳು, ಬೆನ್ನು ತಿರುಗಿಸದೆಯೇ. “ಆಚೆ ದಡಕ್ಕೆ ಫೋನ್ ಮಾಡಿ. ನಾನು ಹೇಳೋವರೆಗೆ ಲಾಂಚ್ ಬಿಡಬೇಡಿ ಅಂತ ಹೇಳಿ.”

“ಯಾಕಕ್ಕ?”

“ದೀಪ ನಂಬೋ ಹಾಗಿಲ್ಲ.”

ಅತ್ತಿಗೆ ಮೊಬೈಲ್ ಹಿಡಿದು ಹೊರಗೆ ಓಡಿದಳು. ಮೇಜಿನ ಮೇಲಿನ ಫೋನಿನಿಂದ ಕಂಟ್ರೋಲ್ ರೂಮಿಗಷ್ಟೇ ಮಾತಾಡಬಹುದಿತ್ತು, ಕಟ್ಟೆಯ ತುದಿಗೆ ಹೋದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಅವಳ ಹೆಜ್ಜೆಯ ಸದ್ದು ಹಲಗೆಗಳ ಮೇಲೆ ದಡದಡ ಹೋಗಿ ಮಂಜಿನಲ್ಲಿ ಮುಗಿಯಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಯಂತ್ರ ಗುಂಯ್ ಎನ್ನುತ್ತಲೇ ಇತ್ತು.

“ನಲವತ್ತು ಯಾರದ್ದು?” ನಿಧಾನಕ್ಕ ಕೇಳಿದಳು.

“ಗೊತ್ತಿಲ್ಲ ಅಕ್ಕ. ಬಿಲ್ಡ್ ರೂಮಲ್ಲಿ ಒಂಬತ್ತು ಜನ ಇದ್ದೀವಿ. ಯಾರಾದ್ರೂ...”

“ನಾನು ನಿನಗೆ ಬೈತಿದ್ದದ್ದು ನೆನಪಿದೆಯಾ? ಸಾಲು ಶುರು ಮಾಡೋವಾಗ ಎಷ್ಟು ಜಾಗ ಬಿಡಬೇಕು ಅಂತ.”

ಅವನು ಚೀಲವನ್ನು ಹೆಗಲಿಂದ ಎದೆಗೆ ಎಳೆದುಕೊಂಡ.

“ಲೋಕದಲ್ಲಿ ಕೆಲವರು ಎರಡು ಬಿಡ್ತಾರೆ. ಕೆಲವರು ನಾಲ್ಕು. ಮೂರು ಜಾಗ ಬಿಡೋನು ನಂಗೆ ಗೊತ್ತಿರೋ ಹಾಗೆ ಒಬ್ಬನೇ. ಎಷ್ಟು ಸಲ ಹೇಳಿದ್ರೂ ಬಿಡಲಿಲ್ಲ ನೀನು.” ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. “ಎಣಿಸು.”

ಅವನು ಎಣಿಸಲಿಲ್ಲ. ಚೀಲವನ್ನು ಎದೆಗೆ ಅವುಚಿಕೊಂಡು ನಿಂತವನು ಮೆಲ್ಲಗೆ ಕುರ್ಚಿಯಲ್ಲಿ ಕೂತ. ಗಾಳಿ ಹೋದ ಚೆಂಡಿನ ಹಾಗೆ ಕೂತ.

“ಬೇಕು ಅಂತ ಮಾಡಿದ್ದಲ್ಲ ಅಕ್ಕ.”

“ಬೇಕು ಅಂತ ಮಾಡಿದ್ದೀಯ ಅಂತ ನಾನು ಅನ್ನಲಿಲ್ಲ. ಏನು ಮಾಡಿದೆ ಅಂತ ಹೇಳು.”

ಹೇಳಿದ. ಮೊದಮೊದಲು ಒಂದೊಂದೇ ಮಾತು, ಆಮೇಲೆ ತೂಬು ಬಿಟ್ಟ ಹಾಗೆ ಬಂತು. ಈ ಕಡವಿನ ಹಳೆಯ ಯಂತ್ರಕ್ಕೆ ಹೊಸ ಪ್ರೋಗ್ರಾಂ ಕಟ್ಟಬೇಕಿತ್ತು. ಪರೀಕ್ಷೆ ಮಾಡುವಾಗ ನಿಜವಾದ ಕಂಟ್ರೋಲ್ ರೂಮಿಗೆ ತೊಂದರೆ ಕೊಡಬಾರದು. ಅದಕ್ಕೆ ಒಂದು ಸಣ್ಣ ಪೆಟ್ಟಿಗೆ ತಯಾರು ಮಾಡಿದ್ದ. ಕಡವಿನ ಯಂತ್ರ ‘ಏನಾದರೂ ಸುದ್ದಿ ಇದೆಯೇ’ ಎಂದು ಕೇಳಿದರೆ ಪೆಟ್ಟಿಗೆ ‘ಎಲ್ಲ ಸರಿಯಿದೆ’ ಅನ್ನುತ್ತದೆ. ಅತ್ತ ಕಂಟ್ರೋಲ್ ರೂಮಿನ ಬೋರ್ಡಿನಲ್ಲಿ ಕಡವು ಕಾಣೆಯಾಗಬಾರದಲ್ಲ, ಅದಕ್ಕೆ ‘ಕಡವು ನಾನೇ’ ಎಂದು ಅಲ್ಲಿಗೂ ಹೇಳುತ್ತದೆ. ಅವರು ಏನು ಕಳಿಸಿದರೂ ‘ತಲುಪಿದೆ’ ಎಂದು ಉತ್ತರ ಕೊಡುತ್ತದೆ. ಎರಡೂ ಕಡೆಗೆ ಹೂಂಗುಟ್ಟುವ ಪೆಟ್ಟಿಗೆ.

“ಯಂತ್ರ ಪೆಟ್ಟಿಗೆ ಹತ್ರ ಮಾತಾಡಬೇಕು ಅಂದ್ರೆ ನನ್ನ ಪಟ್ಟಿ ಓದಬೇಕಿತ್ತು. ಪಟ್ಟಿ ಓದಬೇಕು ಅಂದ್ರೆ ಬದಲಿ ಫಂಕ್ಷನ್ ಸೇರಬೇಕಿತ್ತು. ಅದಕ್ಕೆ ನಿಮ್ಮ ಆ ಸಾಲು ತೆಗೆದೆ. ತೆಗೆದ್ರೆ ಇಲ್ಲ ಅನ್ನುತ್ತೆ ಅಂತ ನೀವೇ ಹೇಳಿಕೊಟ್ಟಿದ್ರಿ.”

“ವಾಪಸ್ ಹಾಕೋಕೆ ಮರೆತೆ.”

“ಅವತ್ತೇ ನನ್ನ ಮಗಳಿಗೆ ಜ್ವರ ಬಂತು ಅಕ್ಕ. ಅವಸರದಲ್ಲಿ ಹಾಗೇ ಕಟ್ಟಿ ಕಳಿಸಿಬಿಟ್ಟೆ. ಪೆಟ್ಟಿಗೆ ನನ್ನ ಮೇಜಿನ ಕೆಳಗೆ ಹಾಗೇ ಉರೀತಾ ಇತ್ತು. ಹದಿನಾಲ್ಕು ದಿನ. ನಂಗೆ ನೆನಪೇ ಇರಲಿಲ್ಲ.”

ನಿಧಾನಕ್ಕ ಅವನ ಮುಖ ನೋಡುತ್ತಾ ಕೂತಳು. ಕೋಪ ಬರಬೇಕಿತ್ತು. ಬರಲಿಲ್ಲ. ಮೇಜಿನ ಕೆಳಗೆ, ಧೂಳಿನಲ್ಲಿ, ಒಂದು ಪುಟ್ಟ ಪೆಟ್ಟಿಗೆ ಹದಿನಾಲ್ಕು ದಿನ ಯಾರಿಗೂ ಕೇಳದಂತೆ ಎಲ್ಲ ಸರಿಯಿದೆ, ಎಲ್ಲ ಸರಿಯಿದೆ ಎನ್ನುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿತು. ಅದನ್ನು ನಂಬಿ ಹೊಳೆಯ ಮೇಲೆ ಜನ ಹೋದರು, ಬಂದರು. ಒಂದು ದಿನ ಮೂರು ಜನ ಬರಲಿಲ್ಲ.

“ಯಾವಾಗ ಗೊತ್ತಾಯ್ತು ನಿನಗೆ?”

“ಲಾಂಚ್ ಮಗುಚಿದ ಮಾರನೇ ದಿನ. ಮೇಜಿನ ಕೆಳಗೆ ಪೆನ್ನು ಬಿತ್ತು, ಎತ್ತಿಕೊಳ್ಳೋಕೆ ಬಗ್ಗಿದೆ.” ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. “ಹೆದರಿಕೆ ಆಯ್ತು ಅಕ್ಕ. ತಂತಿ ಕಿತ್ತು ಚೀಲಕ್ಕೆ ಹಾಕ್ಕೊಂಡೆ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ...”

“ಈಗ ಎಲ್ಲಿದೆ?”

ಅವನು ಚೀಲದ ಜಿಪ್ ಎಳೆದ. ದಪ್ಪ ಪುಸ್ತಕದಷ್ಟಿರುವ ಕಪ್ಪು ಪೆಟ್ಟಿಗೆ, ಮೈಗೆಲ್ಲ ಅದರದ್ದೇ ತಂತಿ ಸುತ್ತಿತ್ತು.

“ಆಚೆ ದಡದಲ್ಲಿ ಕೆಲಸ ಏನೂ ಇಲ್ಲ ಅಲ್ವಾ?” ಎಂದಳು ನಿಧಾನಕ್ಕ.

“ನಡುಹೊಳೇಲಿ ಬಿಟ್ಟುಬಿಡೋಣ ಅಂತ ಬಂದೆ” ಎಂದ ಅವನು. ಅಷ್ಟು ಸಣ್ಣ ದನಿಯಲ್ಲಿ ಹೇಳಿದ ಮಾತು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

ಅತ್ತಿಗೆ ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಂಜಿಗೆ ಕೂದಲೆಲ್ಲ ಹನಿ ಕಟ್ಟಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಪೆಟ್ಟಿಗೆಯನ್ನೂ ಅವನನ್ನೂ ಒಂದಾದ ಮೇಲೊಂದು ನೋಡಿದಳು.

“ಒಂಬತ್ತು ದಿನ” ಎಂದಳು. “ಒಂಬತ್ತು ದಿನದಿಂದ ನಮ್ಮನೆಯವರು ನೆಲದ ಮೇಲೆ ಮಲಗ್ತಿದ್ದಾರೆ. ನಾನೇ ಸರಿಯಾಗಿ ನೋಡಲಿಲ್ಲವೇನೋ, ದೀಪ ಕೆಂಪೇ ಇತ್ತೇನೋ ಅಂತ ಈಗ ಅವರಿಗೇ ಅನುಮಾನ ಬಂದುಬಿಟ್ಟಿದೆ. ಮೊನ್ನೆ ನೋಡೋಕೆ ಹೋದಾಗ ನನ್ನನ್ನೇ ಕೇಳಿದ್ರು, ನೀನು ಕಿಟಕೀಲಿ ಇದ್ದೆಯಲ್ಲ, ಹಸಿರೇ ಇತ್ತು ತಾನೇ ಅಂತ.”

ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಅತ್ತಿಗೆ, ಲಾಂಚ್” ಎಂದಳು ನಿಧಾನಕ್ಕ.

“ಫೋನ್ ಹತ್ತೋಕೇ ಐದು ನಿಮಿಷ ಆಯ್ತು. ಅಷ್ಟರಲ್ಲಿ ಆಚೆಯಿಂದ ಬಿಟ್ಟುಬಿಟ್ಟಿದ್ದಾರೆ. ಇನ್ನು ಹತ್ತು ನಿಮಿಷಕ್ಕೆ ಇಲ್ಲಿರ್ತಾರೆ.” ಅತ್ತಿಗೆ ಕಣ್ಣೊರೆಸಿಕೊಂಡಳು. “ಈಗ ಭಯ ಏನಿಲ್ಲ ಅಲ್ವಾ? ಪೆಟ್ಟಿಗೆ ಇಲ್ಲೇ ಇದೆಯಲ್ಲ.”

“ಇಲ್ಲೇ ಇದೆ” ಎಂದು ನಿಧಾನಕ್ಕ ಹೇಳಿದಳು. ಹೇಳಿದವಳು ಹಾಗೇ ನಿಂತುಬಿಟ್ಟಳು.

ಮೈಮೇಲೆ ನಿದ್ದೆಯಂತೆ ಕವಿದಿದ್ದ ಬೆಚ್ಚನೆಯ ಮಂಪರು ಒಮ್ಮೆಗೇ ಹರಿದುಹೋಯಿತು. ಬೆಳಿಗ್ಗೆ ಈ ಯಂತ್ರದ ಸೀಲು ಒಡೆದು ಚಾಲೂ ಮಾಡಿದವಳು ಅವಳೇ. ಎರಡು ದಿನದಿಂದ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿ ಕೇಳಿ ಓಡಿಸುತ್ತಿದ್ದ ಲಾಂಚಿನವರು, ಇವತ್ತು ದೀಪ ಹತ್ತಿದ್ದು ನೋಡಿ ನಿಶ್ಚಿಂತೆಯಿಂದ ಓಡಿಸುತ್ತಿದ್ದರು. ಯಂತ್ರ ಓದುವುದು ಅದೇ ಪಟ್ಟಿಯನ್ನು. ಕರೆಯುವುದು ಅದೇ ನಲವತ್ತನ್ನು. ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ಒಂದು ನಿಮಿಷದೊಳಗೆ ದೀಪ ಹಳದಿಗೆ ತಿರುಗಬೇಕು. ಹಾಗೆ ಬರೆದವಳೂ ಅವಳೇ.

ಅವಳು ಕಿಟಕಿಯ ಚೌಕಟ್ಟಿನ ಮೇಲಿದ್ದ ದೀಪದ ಕಡೆ ನೋಡಿದಳು.

ಹಸಿರು. ಬೆಳಿಗ್ಗೆಯಿಂದಲೂ ಹಸಿರು.

“ನಿನ್ನ ಮೇಜಿನ ಕೆಳಗೆ ಇನ್ನೊಂದು ಪೆಟ್ಟಿಗೆ ಇತ್ತಾ?”

ಅಳಿಯ ಮುಖದಿಂದ ಕೈ ತೆಗೆದ. ಅವಳ ನೋಟ ಹಿಡಿದು ದೀಪ ನೋಡಿದ. “ಇಲ್ಲ ಅಕ್ಕ. ಒಂದೇ. ಆಣೆ ಮಾಡಿ ಹೇಳ್ತೀನಿ, ಒಂದೇ. ಆ ವಿಳಾಸದಲ್ಲಿ ಈಗ ಏನೂ ಇರಬಾರದು.”

“ಮತ್ತೆ ಇದಕ್ಕೆ ಹೂಂ ಅಂತಿರೋದು ಯಾರು?”

ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು.

ನಿಧಾನಕ್ಕ ಎತ್ತಿದಳು. ಕಂಟ್ರೋಲ್ ರೂಮಿನ ಆಪರೇಟರ್ ಹೆಂಗಸು. ಒಂಬತ್ತು ದಿನದಲ್ಲಿ ಇಪ್ಪತ್ತು ಸಲ ಮಾತಾಡಿದ್ದರಿಂದ ದನಿ ಪರಿಚಯವಾಗಿತ್ತು. ಹಿಂದುಗಡೆ ಯಾರೋ ನಗುತ್ತಿದ್ದದ್ದು, ಟೈಪ್ ಮಾಡುತ್ತಿದ್ದದ್ದು ಕೇಳಿಸುತ್ತಿತ್ತು. ಅಲ್ಲಿ ಎಲ್ಲ ಮಾಮೂಲಿ ಮಧ್ಯಾಹ್ನ.

“ಮೇಡಂ, ಸುಮ್ಮನೆ ಫೋನ್ ಮಾಡಿದೆ. ಹೋದ ಸಲ ಹಾಗಾಯ್ತಲ್ಲ, ಅದಕ್ಕೆ ಬಾಯಲ್ಲೂ ಒಂದು ಮಾತು ಹೇಳಿಬಿಡೋಣ ಅಂತ. ಗೇಟು ತೆರೆದಿದ್ದೀವಿ. ಮೂರು ಗೇಟು. ನೀರು ನಿಮ್ಮ ಕಡವಿಗೆ ಬರೋಕೆ ಇನ್ನೂ ಎಂಟು ನಿಮಿಷ ಇದೆ.”

“ಮುಚ್ಚಿ” ಎಂದಳು ನಿಧಾನಕ್ಕ. “ಈಗಲೇ ಮುಚ್ಚಿ. ಲಾಂಚ್ ನೀರಿನ ಮೇಲಿದೆ.”

ಅತ್ತಿಗೆ ಆಗಲೇ ಕಟ್ಟೆಯ ಕಡೆ ಓಡುತ್ತಿದ್ದಳು. ಅಳಿಯ ಅವಳ ಹಿಂದೆಯೇ ಓಡಿದ. ಚೀಲ ಕುರ್ಚಿಯ ಮೇಲೆ ಬಾಯಿ ತೆರೆದು ಬಿದ್ದಿತ್ತು.

ಆ ಕಡೆ ನಗು ನಿಂತಿತು. “ಏನಂದ್ರಿ? ಮುಚ್ಚಿದ್ರೂ ಬಿಟ್ಟ ನೀರು ಬಿಟ್ಟಿದ್ದೇ ಅಲ್ವಾ ಮೇಡಂ. ನಾವು ಕೇಳದೆ ತೆರೆದಿಲ್ಲ. ಎಚ್ಚರಿಕೆ ಕಳಿಸಿದ್ವಿ, ಮೂರು ಇಪ್ಪತ್ತೆಂಟಕ್ಕೆ ನಿಮ್ಮ ಕಡವಿನಿಂದ ತಲುಪಿದೆ ಅಂತ ಬಂತು.”

“ನಾನು ಯಂತ್ರದ ಮುಂದೇ ಕೂತಿದ್ದೀನಿ. ಇಲ್ಲಿಂದ ಯಾರೂ ಏನೂ ಕಳಿಸಿಲ್ಲ.”

“ಅದು ಹೇಗಾಗುತ್ತೆ?” ಕಾಗದ ಸರಿದ ಸದ್ದು ಕೇಳಿತು. “ಯಾವಾಗಲೂ ತಲುಪಿದೆ ಅಂತ ಅಷ್ಟೇ ಬರೋದು. ಇವತ್ತು ಅದರ ಜೊತೆ ಒಂದು ಮಾತೂ ಬಂದಿದೆ. ನೀವೇ ಟೈಪ್ ಮಾಡಿದ್ದು ಅಂದುಕೊಂಡೆ.”

“ಓದಿ.”

“‘ಲಾಂಚ್ ಈಚೆ ದಡದಲ್ಲಿ ಕಟ್ಟಿದೆ. ನಿಧಾನಕ್ಕ ಹೇಳಿದ್ದಾರೆ, ಗೇಟು ತೆರೀಬಹುದು.’”